ಹೋಲ್ಡಮ್ಮ

ಹೋಲ್ಡ್ ಎಂದರೆ ಹಿಡಿ. ಶಾಲೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ. ಇಂಗ್ಲಿಷ್ ಮೇಷ್ಟ್ರು ಮುಂದಿನ ಬೆಂಚಿನವನ ಕೈಗೆ ಡಸ್ಟರ್ ಕೊಟ್ಟು "ಹೋಲ್ಡ್ ಇಟ್" ಅಂದರು, ಅವನು ಹಿಡಿದುಕೊಂಡ, ಪಾಠ ಮುಗಿಯಿತು. ಆಮೇಲೆ ದೊಡ್ಡವಳಾಗಿ ನೋಡುತ್ತೇನೆ, ಈ ಪದ ಊರೆಲ್ಲ ಓಡಾಡಿಕೊಂಡಿದೆ, ಆದರೆ ಯಾರೂ ಏನನ್ನೂ ಹಿಡಿಯುತ್ತಿಲ್ಲ. ಕಂಡಕ್ಟರ್ ಹೋಲ್ಡಾನ್ ಎಂದು ಕೂಗಿದರೆ ಬಸ್ಸು ನಿಲ್ಲುತ್ತದೆ. ಫೈಲು ಹೋಲ್ಡಿನಲ್ಲಿದೆ ಎಂದರೆ ಅದು ಯಾರ ಕೈಯಲ್ಲೂ ಇಲ್ಲ ಎಂದು ಅರ್ಥ. ಪಕ್ಕದ ಮನೆಯವರು ತಮ್ಮ ಭಾವಮೈದುನನಿಗೆ ದೊಡ್ಡ ಆಫೀಸಿನಲ್ಲಿ ಭಾರಿ ಹೋಲ್ಡಿದೆ ಎಂದು ಕೊಚ್ಚಿಕೊಳ್ಳುತ್ತಿದ್ದರು. ವಿಚಾರಿಸಿದರೆ ಆ ಪುಣ್ಯಾತ್ಮ ಅಲ್ಲಿ ಗೇಟು ಕಾಯುತ್ತಿದ್ದ. ನನಗೆ ಗೊತ್ತುಮಾಡಿದ ಒಂದು ಸಂಬಂಧವೂ ಹೋಲ್ಡಿನಲ್ಲಿದೆ ಎಂದು ಅಪ್ಪ ಬಹಳ ಕಾಲ ಹೇಳುತ್ತಿದ್ದರು. ಹುಡುಗನಿಗೆ ಅಷ್ಟರಲ್ಲಿ ಎರಡು ಮಕ್ಕಳಾಗಿದ್ದವು.

ಈ ಪದಕ್ಕೆ ಇರುವ ಪೂರ್ತಿ ಅರ್ಥವನ್ನು ನನಗೆ ಕಲಿಸಿದವರು ಒಬ್ಬ ಟೆಲಿಫೋನ್ ಆಪರೇಟರ್. ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಅವರನ್ನು ಹೋಲ್ಡಮ್ಮ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಜಾರಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಮೇಡಂ ಎಂದು ಕರೆದಾಗ ಮಾತ್ರ ಮುಖ ಗಂಟಿಕ್ಕಿದರು. "ಮೇಡಂ ಅಂದ್ರೆ ಕೈಯಲ್ಲಿ ಬೆತ್ತ ಇಟ್ಕೋಬೇಕು ಅನ್ಸತ್ತೆ. ಮನೆಯಲ್ಲಿ ನಾನು ಚಿಕ್ಕವಳು. ನೀನೂ ಚಿಕ್ಕಮ್ಮ ಅಂತ ಅನ್ನು, ಸಾಕು." ಅಂದಿನಿಂದ ಅವರು ನನಗೆ ಚಿಕ್ಕಮ್ಮ.

ನಮ್ಮ ಎಕ್ಸ್‌ಚೇಂಜ್ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬೆಡ್‌ಶೀಟ್ ಇಡುವ ಕೋಣೆಗೂ ನೀರಿನ ಪಂಪಿಗೂ ನಡುವೆ. ಕಿಟಕಿ ಇರಲಿಲ್ಲ. ಸೂರಿನ ಹತ್ತಿರ ಒಂದು ಅಗಲವಾದ ಗವಾಕ್ಷಿ ಇತ್ತು, ಅದರಲ್ಲಿ ರಸ್ತೆಯ ಮೇಲೆ ಹೋಗುವವರ ಕಾಲುಗಳು ಕಾಣುತ್ತಿದ್ದವು. ಕೆಳಗೆ ಎರಡು ಬೋರ್ಡು, ಎರಡು ಕುರ್ಚಿ. ಬೋರ್ಡಿನ ಮೇಲೆ ಒಂದೊಂದು ವಾರ್ಡಿಗೆ ಒಂದೊಂದು ದೀಪ. ಪಂಪು ಶುರುವಾದರೆ ಟೀ ಲೋಟ ಮೇಜಿನ ಮೇಲೆ ತಾನಾಗಿ ನಡೆಯುತ್ತಿತ್ತು. ಆ ಥಂಡಿಗೆ ಚಿಕ್ಕಮ್ಮ ವರ್ಷವಿಡೀ ಒಂದು ಬೂದು ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಕುಳ್ಳಗೆ, ದುಂಡಗೆ ಇದ್ದರು. ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ತಾಗುತ್ತಿರಲಿಲ್ಲ, ಹಾಗಾಗಿ ಕಾಲಡಿ ಒಂದು ಹಳೇ ಡೈರೆಕ್ಟರಿ ಇಟ್ಟುಕೊಂಡಿದ್ದರು.

ಮೊದಲ ದಿನವೇ ಬೈಗುಳ ತಿಂದೆ. ಯಾರೋ ಎಕ್ಸ್‌ರೇ ಕೇಳಿದರು, ಆ ಲೈನು ಎಂಗೇಜ್ ಇತ್ತು. "ಹೋಲ್ಡ್ ಮಾಡಿ" ಎಂದು ಕೀ ಒತ್ತಿದೆ. ಅವರ ಕಿವಿಗೆ ಟ್ಯೂನು ಹೋಯಿತು. ನಾನು ಪಕ್ಕದ ಸ್ವಿಚ್ಚನ್ನೂ ಕೆಳಗೆ ಹಾಕಿ, ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹಾಕಿದೆ. ಚಿಕ್ಕಮ್ಮ ಪೆನ್ಸಿಲಿನಿಂದ ನನ್ನ ಬೆರಳ ಗಂಟಿಗೆ ಒಂದು ಬಿಟ್ಟರು.

"ಸ್ವಿಚ್ ಯಾಕೆ ಕೆಳಗೆ ಹಾಕ್ದೆ?"

"ಅವರು ಕಾಯ್ತಾ ಇದಾರಲ್ಲ ಚಿಕ್ಕಮ್ಮ."

"ಅವರು ಕಾಯ್ತಾ ಇದಾರೆ. ನೀನು?"

ನಮ್ಮದು ಹಳೇ ಕಾಲದ ಬೋರ್ಡು. ಹೋಲ್ಡ್ ಕೀ ಒತ್ತಿದರೆ ಆ ಕಡೆಯವರಿಗೆ ಟ್ಯೂನು ಮಾತ್ರ ಕೇಳಿಸುತ್ತದೆ, ನಾವು ಮಾತಾಡುವುದು ಕೇಳಿಸುವುದಿಲ್ಲ. ಆದರೆ ಅವರ ಕಡೆಯ ಸದ್ದೆಲ್ಲ ನಮ್ಮ ಹೆಡ್‌ಫೋನಿಗೆ ಬರುತ್ತಲೇ ಇರುತ್ತದೆ. ಬೇಡವಾದರೆ ಪಕ್ಕದ ಸ್ವಿಚ್ ಕೆಳಗೆ ಹಾಕಬೇಕು. ಎಲ್ಲ ಆಪರೇಟರುಗಳೂ ಹಾಕುತ್ತಾರೆ, ಇಲ್ಲದಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ. ಚಿಕ್ಕಮ್ಮ ಹಾಕುತ್ತಿರಲಿಲ್ಲ.

"ಹಿಡ್ಕೊಂಡಿರಿ ಅಂತ ಅವರಿಗೆ ಹೇಳಿ, ಈ ಕಡೆ ನೀನು ಕೈ ಬಿಟ್ಟು ಬಿಸ್ಕತ್ ತಿಂತಾ ಕೂತ್ರೆ ಅವರು ಹಿಡ್ಕೊಂಡಿರೋದು ಏನನ್ನ? ಗಾಳಿನಾ?" ಅಂದರು. "ಹೋಲ್ಡ್ ಅಂತ ಬಾಯಲ್ಲಿ ಅಂದ ಮೇಲೆ ಎರಡು ಕಡೆಯವರೂ ಹಿಡ್ಕೊಂಡಿರಬೇಕು ಕಣೇ. ಒಬ್ರೇ ಹಿಡ್ಕೊಳ್ಳೋದು ಅಂತ ಇಲ್ಲ."

ಅಯ್ಯೋ, ಇದೊಳ್ಳೆ ಕರ್ಮ ಎಂದುಕೊಂಡೆ. ಎಕ್ಸ್‌ರೇ ಕೇಳಿದವನ ಕಫದ ಕೆಮ್ಮನ್ನು ನಾನ್ಯಾಕೆ ಕೇಳಿಸಿಕೊಳ್ಳಬೇಕು? ಆದರೆ ಅವರ ಮಾತಿನ ಅಸಲು ವಿಷಯ ಕೆಮ್ಮಿನದಾಗಿರಲಿಲ್ಲ. ಅದು ತಿಳಿದದ್ದು ಎರಡನೇ ವಾರದಲ್ಲಿ.

ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಸಾವಿನ ಸುದ್ದಿಯನ್ನು ಎಕ್ಸ್‌ಚೇಂಜಿನವರು ಹೇಳಕೂಡದು. ಹಿಂದೆ ಯಾವನೋ ಆಪರೇಟರು "ಅವರಾ? ಬೆಳಿಗ್ಗೆನೇ ಹೋದ್ರಲ್ಲ" ಎಂದು ಹೇಳಿ, ಕೇಳಿದವರು ಫೋನ್ ಹಿಡಿದಂತೆಯೇ ಕುಸಿದು, ದೊಡ್ಡ ರಾದ್ಧಾಂತ ಆಗಿತ್ತಂತೆ. ಅಲ್ಲಿಂದ ಡಾಕ್ಟರೇ ಹೇಳಬೇಕು ಎಂದಾಯಿತು. ಹಾಗಾಗಿ ಯಾರಾದರೂ ತೀರಿಕೊಂಡ ಕೂಡಲೇ ವಾರ್ಡಿನ ನರ್ಸು ಕೆಳಗೆ ನಮಗೆ ಫೋನ್ ಮಾಡಿ, ಮಹಡಿ ಹೇಳಿ, ಬೆಡ್ ಹೇಳಿ, ಕೊನೆಗೆ "ಹೋಲ್ಡ್" ಎನ್ನುತ್ತಿದ್ದಳು. ಆ ಬೆಡ್ಡಿಗೆ ಬರುವ ಕರೆಯನ್ನು ಇನ್ನು ನೇರ ಕೊಡಬೇಡಿ, ಡಾಕ್ಟರು ಫೋನಿಗೆ ಬರುವ ತನಕ ನಿಲ್ಲಿಸಿ ಎಂದು ಅದರ ಅರ್ಥ. ಡಾಕ್ಟರು ಫೋನ್ ಪಕ್ಕ ಕೂತಿರುತ್ತಾರೆಯೇ? ಇನ್ನೊಂದು ಬೆಡ್ಡಿನಲ್ಲಿರುತ್ತಾರೆ, ಕೈ ತೊಳೆಯುತ್ತಿರುತ್ತಾರೆ, ಬರಬೇಕು. ಅಷ್ಟು ಹೊತ್ತು ಮನೆಯವರು ಟ್ಯೂನು ಕೇಳುತ್ತಾ ಇರುತ್ತಾರೆ. ತಮ್ಮವರು ಬದುಕಿದ್ದಾರೆ ಎಂದೇ ತಿಳಿದುಕೊಂಡು ಇರುತ್ತಾರೆ. ಇಲ್ಲ ಎಂದು ಗೊತ್ತಿರುವುದು ನೆಲಮಾಳಿಗೆಯಲ್ಲಿ ಕೂತ ನಮಗೆ.

ಅಂಥ ಹೋಲ್ಡಿನಲ್ಲಿ ಚಿಕ್ಕಮ್ಮ ಮೇಜಿನ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ನಿದ್ದೆ ಹೊಡೆಯುತ್ತಿದ್ದಾರೆ ಎಂದುಕೊಂಡೆ. ಮುಗಿದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು, "ಮಗಳಿಗೆ ಜಡೆ ಹಾಕ್ತಾ ಇದ್ದಳು ಕಣೇ ಆಕೆ. ಅಲ್ಲಾಡಬೇಡ, ಅಪ್ಪನ್ನ ನೋಡೋಕೆ ಹೋಗ್ಬೇಕು ಅಂತಿದ್ದಳು."

ನನಗೆ ಕೋಪ ಬಂತು. "ಅದನ್ನೆಲ್ಲ ಯಾಕೆ ಕೇಳಿಸ್ಕೋತೀರಿ? ಕದ್ದು ಕೇಳೋದು ತಪ್ಪಲ್ವಾ?" ಎಂದು ಕೇಳಿಯೇ ಬಿಟ್ಟೆ.

"ಕದ್ದು ಕೇಳೋದು ಅಂದ್ರೆ ಅವರದ್ದನ್ನ ನಾನು ತಗೊಳ್ಳೋದು," ಅಂದರು. "ಇಲ್ಲಿ ಅವರಿಗೆ ಸೇರಿದ್ದು ನನ್ನ ಹತ್ರ ಇದೆ, ಕೊಡೋ ಹಾಗಿಲ್ಲ. ಪಕ್ಕದಲ್ಲಿ ಕೂತಾದ್ರೂ ಇರ್ತೀನಿ. ಯಾರೂ ಇಲ್ಲದೆ ಬರೀ ಆ ಹಾಳು ಟ್ಯೂನು ಇರ್ಬೇಕಾ?"

ಆ ಟ್ಯೂನು ನಿಜಕ್ಕೂ ಹಾಳೇ. ಯಾವ ಹಾಡಿನದೋ ಯಾರಿಗೂ ಗೊತ್ತಿಲ್ಲ. ಸೊಳ್ಳೆ ದನಿಯಲ್ಲಿ ಶುರುವಾಗಿ, ಇನ್ನೇನು ಮುಗಿಯಬೇಕು ಎನ್ನುವಾಗ ಮತ್ತೆ ಮೊದಲಿಗೆ ಹೋಗುತ್ತಿತ್ತು.

ನಾನೂ ಸ್ವಿಚ್ ಮೇಲೆಯೇ ಬಿಡಲು ಕಲಿತೆ. ಹಟಕ್ಕೆ ಶುರು ಮಾಡಿದ್ದು, ಬಿಡಲಾಗಲಿಲ್ಲ. ಕೆಲವು ಲೈನನ್ನು ಇಬ್ಬರೂ ಕೇಳುತ್ತಿದ್ದೆವು. ಎಷ್ಟು ಸಾಮಾನ್ಯ ಸದ್ದುಗಳು ಅವು. ಒಬ್ಬ ಗಂಡಸು ಹೆಂಡತಿಗೆ ಏನು ಹೇಳಬೇಕು ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದ. "ನಿನ್ನೆ ಬೈದೆ ಅಂತ ಬೇಜಾರಾ? ಬೇಜಾರ್ ಮಾಡ್ಕೋಬೇಡ್ವೇ" ಎಂದು ಒಮ್ಮೆ ಮೆತ್ತಗೆ, ಒಮ್ಮೆ ನಗುತ್ತಾ, ಒಮ್ಮೆ ಗಂಟಲು ಸರಿ ಮಾಡಿಕೊಂಡು. ಒಬ್ಬ ಮುದುಕಿ ಟ್ಯೂನಿನ ಜೊತೆ ತಾನೂ ಗುನುಗುತ್ತಿದ್ದಳು. ಇನ್ನೊಂದು ಮನೆಯಲ್ಲಿ ಯಾರೋ ಜೋಕು ಹೇಳಿದರು, ಎಲ್ಲರೂ ಗೊಳ್ಳೆಂದರು, ಫೋನ್ ಹಿಡಿದವನು "ಶ್, ಸುಮ್ನಿರ್ರೋ, ಅಣ್ಣ ಲೈನಿಗೆ ಬರ್ತಾನೆ" ಅಂದ. ಆಮೇಲೆ ಡಾಕ್ಟರು ಫೋನ್ ಎತ್ತುತ್ತಿದ್ದರು. ನಾವು ಲೈನಿನಿಂದ ಹೊರಗೆ ಬರುತ್ತಿದ್ದೆವು. ಅತ್ತದ್ದನ್ನು ನಾವು ಯಾವತ್ತೂ ಕೇಳಲಿಲ್ಲ, ನಮಗೆ ಸಿಕ್ಕಿದ್ದು ಅದರ ಹಿಂದಿನ ನಗುವೇ.

ಆ ನಗುವೇ ಚಿಕ್ಕಮ್ಮನ ಬೆನ್ನು ಹತ್ತಿದ್ದು. ಅತ್ತಿದ್ದರೆ ಮರೆಯಬಹುದಿತ್ತು ಎನ್ನುತ್ತಿದ್ದರು. ಒಂದು ಸಂಜೆ ಇಬ್ಬರೂ ತರಕಾರಿ ಅಂಗಡಿಯಲ್ಲಿ ನಿಂತಿದ್ದೆವು. ಹಿಂದಿನಿಂದ ಒಬ್ಬರು "ಸ್ವಲ್ಪ ಜಾಗ ಬಿಡಿ ಅಮ್ಮ" ಅಂದರು. ಚಿಕ್ಕಮ್ಮನ ಕೈಯಿಂದ ಟೊಮೇಟೊ ಜಾರಿತು. ಆ ಮನುಷ್ಯ ಬಗ್ಗಿ ಟೊಮೇಟೊ ಎತ್ತಿಕೊಟ್ಟು, ಎರಡು ಬದನೆಕಾಯಿ ತೂಗಿಸಿಕೊಂಡು ಹೋದ. ಒಬ್ಬನಿಗೆ ಸಾಕಾಗುವಷ್ಟೇ ತರಕಾರಿ. "ಅವನೇ," ಎಂದು ಚಿಕ್ಕಮ್ಮ ನನ್ನ ತೋಳು ಹಿಡಿದರು. "ಬೇಜಾರ್ ಮಾಡ್ಕೋಬೇಡ್ವೇ ಅಂದನಲ್ಲ, ಅವನೇ." ಅವನಿಗೆ ನಾವು ಯಾರೋ ತರಕಾರಿ ಕೊಳ್ಳುವ ಹೆಂಗಸರು. ಹೆಂಡತಿಗೆ ಹೇಳಬೇಕೆಂದಿದ್ದ ಮಾತು ಈ ಊರಿನಲ್ಲಿ ನಮ್ಮಿಬ್ಬರಿಗೆ ಗೊತ್ತಿತ್ತು, ಆಕೆಗೆ ಗೊತ್ತಾಗಲಿಲ್ಲ. ಆಮೇಲೆ ಚಿಕ್ಕಮ್ಮ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ಅವರ ಮನೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಜೊತೆಗಿದ್ದವರು ಅವರ ಅಕ್ಕ. ನನಗೆ ದೊಡ್ಡಮ್ಮ. ತಾಯಿ ಬೇಗ ಹೋದದ್ದರಿಂದ ಚಿಕ್ಕಮ್ಮನನ್ನು ಸಾಕಿ, ಓದಿಸಿದವರು ಅವರೇ. ಇಬ್ಬರೂ ಮದುವೆ ಆಗಲಿಲ್ಲ. ದೊಡ್ಡಮ್ಮ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಕಡ್ಡಿಯಂಥ ಮೈ, ಕತ್ತರಿಯಂಥ ನಾಲಿಗೆ. ಯಾರು ಮೆಟ್ಟಿಲು ಹತ್ತಿ ಬಂದರೂ ಮೊದಲು ಮುಖ ನೋಡುತ್ತಿರಲಿಲ್ಲ, ಬಟ್ಟೆಯ ಹೊಲಿಗೆ ನೋಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ "ಈ ತೋಳು ಹೊಲಿದವನಿಗೆ ಕೈ ಇತ್ತಾ ಕಾಲಿತ್ತಾ?" ಎಂದು ಕೇಳಿದ್ದರು.

ಅಕ್ಕತಂಗಿಯರ ಜಗಳ ಕೇಳಲು ನಾನು ರಜೆಯ ದಿನವೂ ಹೋಗುತ್ತಿದ್ದೆ. "ಇವಳು ನಿದ್ದೆಯಲ್ಲೂ ಹೋಲ್ಡ್ ಮಾಡಿ, ಹೋಲ್ಡ್ ಮಾಡಿ ಅಂತಾಳಮ್ಮ," ಎಂದು ದೊಡ್ಡಮ್ಮ ದೂರು ಹೇಳುತ್ತಿದ್ದರು. "ನಾನು ಎದ್ದು ಕೂತು, ಮಾಡಿದೀನಿ ಮಲ್ಕೊಳೇ ಅಂತೀನಿ. ಆಮೇಲೆ ಮಲ್ಕೋತಾಳೆ."

"ಸುಳ್ಳು ಹೇಳ್ತಾಳೆ," ಎಂದು ಚಿಕ್ಕಮ್ಮ.

"ಸುಳ್ಳು ಹೇಳಿ ನನಗೇನು ಆಗ್ಬೇಕು? ಒಂದ್ಸಲ ನಿದ್ದೇಲಿ ನೀನೇ ಯಾರಿಗೋ ಜಡೆ ಹಾಕು ಅಂದೆ. ನನ್ನ ತಲೇಲಿ ಕೂದಲೆಲ್ಲಿದೆ ಜಡೆ ಹಾಕೋಕೆ?"

ದೊಡ್ಡಮ್ಮ ನಗಿಸಲೆಂದೇ ಹೇಳಿದ್ದು. ಚಿಕ್ಕಮ್ಮ ನಗಲಿಲ್ಲ, ಎದ್ದು ಒಲೆಯ ಕಡೆ ಹೋದರು. ಅವರಿಗೇ ಗೊತ್ತಿಲ್ಲದೆ ಆ ಹಾಳು ಟ್ಯೂನನ್ನು ಗುನುಗುತ್ತಾ ಹಾಲು ಕಾಯಿಸಿದರು. ಕೊನೆಗೆ ಬಂದಾಗ ಮತ್ತೆ ಮೊದಲಿಗೆ ಹೋದರು. ದೊಡ್ಡಮ್ಮ ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿ, ನನ್ನ ಕಡೆ ನೋಡಿದರು. ಆ ನೋಟದಲ್ಲಿ ತಮಾಷೆ ಇರಲಿಲ್ಲ. "ಅಲ್ಲಿ ಕೇಳಿದ್ದನ್ನೆಲ್ಲ ಇಲ್ಲಿಗೆ ತರ್ತಾಳೆ," ಎಂದು ಮೆಲ್ಲಗೆ ಹೇಳಿದರು. "ಈ ಎರಡು ರೂಮಲ್ಲಿ ಎಷ್ಟು ಜನ ಇದಾರೋ ನನಗೆ ಲೆಕ್ಕ ತಪ್ಪಿ ಹೋಗಿದೆ."

ಆ ಚಳಿಗಾಲದಲ್ಲಿ ದೊಡ್ಡಮ್ಮನಿಗೆ ಉಸಿರು ಕಟ್ಟಲು ಶುರುವಾಯಿತು. ಬಟ್ಟೆಯ ಧೂಳು ಎಂದು ಮೊದಮೊದಲು ಉಡಾಫೆ ಮಾಡಿದರು. ಒಂದು ದಿನ ಮೆಟ್ಟಿಲು ಇಳಿಯುತ್ತಾ ಅರ್ಧದಲ್ಲಿ ಕೂತುಬಿಟ್ಟರು. ಸೈಕಲ್ ಅಂಗಡಿಯವನೇ ಎತ್ತಿಕೊಂಡು ಬಂದು ನಮ್ಮ ಆಸ್ಪತ್ರೆಗೆ ಸೇರಿಸಿದ. ಮೂರನೇ ಮಹಡಿ, ಕಿಟಕಿ ಪಕ್ಕದ ಬೆಡ್ಡು.

ಅಂದಿನಿಂದ ಚಿಕ್ಕಮ್ಮ ಬೇರೆಯೇ ಮನುಷ್ಯರಾದರು. ಮೂರನೇ ಮಹಡಿಯ ದೀಪ ಹತ್ತಿಕೊಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ನೀನು ತಗೋ" ಎಂದು ಕಣ್ಣಲ್ಲೇ ಹೇಳುತ್ತಿದ್ದರು. ನಾನು ಎತ್ತಿ, ಲಾಂಡ್ರಿ ಕೇಳ್ತಿದಾರೆ ಎಂದೋ, ಅಡುಗೆಮನೆ ಕೇಳ್ತಿದಾರೆ ಎಂದೋ ಹೇಳಿದ ಮೇಲೆ ಉಸಿರು ಬಿಡುತ್ತಿದ್ದರು. ಊಟದ ಹೊತ್ತಿನಲ್ಲಿ ಮೇಲೆ ಓಡಿ, ಅಕ್ಕನಿಂದ ಎರಡು ಬೈಗುಳ ತಿಂದು, ಕೆಂಪಾದ ಮುಖದಲ್ಲಿ ಇಳಿದು ಬರುತ್ತಿದ್ದರು. ಬೈದರು ಎಂದರೆ ಆ ದಿನ ಚೆನ್ನಾಗಿದ್ದಾರೆ ಎಂದು ನಮ್ಮ ಲೆಕ್ಕ.

ಒಂದು ಮಧ್ಯಾಹ್ನ ಬೋರ್ಡು ಸುಮ್ಮನಿತ್ತು. ಚಿಕ್ಕಮ್ಮ ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನನಗೆ ಒಂದು ಮಾತು ಕೊಡು."

"ಏನು ಚಿಕ್ಕಮ್ಮ?"

"ಒಂದು ವೇಳೆ ಹಾಗಾದ್ರೆ, ನಾನು ಹೊರಗಿದ್ದು ಫೋನ್ ಮಾಡಿದ್ರೆ, ನನ್ನನ್ನ ಹೋಲ್ಡಲ್ಲಿ ಇಡಬೇಡ."

"ಏನೇನೋ ಮಾತಾಡ್ಬೇಡಿ. ದೊಡ್ಡಮ್ಮ ಇನ್ನೂ ಹತ್ತು ಜನಕ್ಕೆ ಬೈದು ಹೋಗೋರು."

"ಹುಡುಗಾಟ ಬೇಡ ಕಣೇ. ನಾನು ಆ ಕಡೆ ಟ್ಯೂನ್ ಕೇಳ್ಕೊಂಡು, ನಲ್ಲಿ ನಿಲ್ಸ್ತಾ, ಬೆಕ್ಕಿಗೆ ಬೈತಾ ನಿಂತಿರ್ತೀನಿ. ನೀನು ಈ ಕಡೆ ಕಣ್ಮುಚ್ಕೊಂಡು ಕೂತಿರ್ತೀಯ. ಥೂ, ಬೇಡ. ನನ್ನನ್ನ ಅವರ ಸಾಲಿಗೆ ಸೇರಿಸ್ಬೇಡ. ಹಲೋ ಅಂದ ತಕ್ಷಣ ಹೇಳ್ಬಿಡು."

"ನಿಯಮ?"

"ನಿಯಮ ನನ್ನ ತಲೆ ಮೇಲೆ ಹಾಕು." ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. "ಅವರೆಲ್ಲ ನನ್ನ ತಲೇಲಿ ಹೇಗೆ ಉಳ್ಕೊಂಡಿದಾರೆ ಗೊತ್ತಾ? ಇನ್ನೂ ಕಾಯ್ತಾನೇ ಇದಾರೆ. ಯಾರಿಗೂ ಇನ್ನೂ ಹೇಳಿಲ್ಲ. ನಾನು ಅಲ್ಲಿ ಹೋಗಿ ನಿಲ್ಲಲ್ಲ."

ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಹೆದರಿದೆ. ಕೆಲಸ ಹೋಗುತ್ತದೆಂಬ ಭಯವಲ್ಲ ಅದು. ಅಷ್ಟು ಜನರನ್ನು ಹೋಲ್ಡಿನಲ್ಲಿಟ್ಟಿದ್ದ ನಾನು ಒಬ್ಬರಿಗೂ ಬಾಯಿಬಿಟ್ಟು ಆ ಸುದ್ದಿ ಹೇಳಿದವಳಲ್ಲ. ಹೇಗೆ ಹೇಳುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದೆ, ದನಿ ಬರಲಿಲ್ಲ. ನನ್ನ ಹಿಂದೆ ಯಾರೋ ನಿಂತು ಗಂಟಲು ಸರಿ ಮಾಡಿಕೊಂಡಂತಾಯಿತು. ತಿರುಗಿ ನೋಡಿದರೆ ಬರೀ ಗೋಡೆ.

ದೊಡ್ಡಮ್ಮ ಚೇತರಿಸಿಕೊಂಡರು. ಎದ್ದು ಕೂರುವ ಹಾಗಾಯಿತು. ಕೂತದ್ದೇ ತಡ, ಆಸ್ಪತ್ರೆಯವರು ಕೊಟ್ಟಿದ್ದ ಗೌನಿನ ಅಂಚು ಸೊಟ್ಟಗಿದೆ ಎಂದು ತಗಾದೆ ತೆಗೆದರು. ಇಂಥದ್ದನ್ನು ಹಾಕಿಕೊಂಡು ಗುಣವಾಗುವುದಾದರೂ ಹೇಗೆ ಎಂದು ಡಾಕ್ಟರನ್ನೇ ಕೇಳಿದರಂತೆ. ಪಕ್ಕದ ಬೆಡ್ಡಿನ ಹೆಂಗಸಿನ ಗೌನಿಗೂ ಅದೇ ಗತಿ. ಎರಡನ್ನೂ ಬಿಚ್ಚಿ ಹೊಲಿಯುತ್ತೇನೆ, ಮನೆಗೆ ಹೋಗಿ ನನ್ನ ಸಣ್ಣ ಕತ್ತರಿ, ಸೂಜಿ, ಬಿಳಿ ದಾರ ತಾ ಎಂದು ತಂಗಿಗೆ ಹುಕುಂ ಮಾಡಿದರು. ಚಿಕ್ಕಮ್ಮ ಆ ಬೆಳಿಗ್ಗೆ ನನ್ನ ಹತ್ತಿರ ಬಂದು ಇದನ್ನೆಲ್ಲ ಹೇಳುತ್ತಾ ನಕ್ಕರು. ಬಹಳ ದಿನದ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕದ್ದು. "ಹೋಗಿ ಸ್ನಾನ ಮಾಡ್ಕೊಂಡು, ಅವಳ ಕತ್ತರಿ ತಗೊಂಡು ಬಂದ್ಬಿಡ್ತೀನಿ. ಬೋರ್ಡ್ ನೋಡ್ಕೋ." ಗವಾಕ್ಷಿಯಲ್ಲಿ ಅವರ ಪಾದಗಳು ಬೇಗ ಬೇಗ ಹೋದದ್ದನ್ನು ನೋಡಿದೆ.

ಬಿಸಿಲು ಗವಾಕ್ಷಿಯಿಂದ ಇಳಿದು ನನ್ನ ಬೋರ್ಡಿನ ಮೇಲೆ ಬಿದ್ದಿತ್ತು, ದೀಪಗಳು ಹತ್ತಿದ್ದೇ ಕಾಣುತ್ತಿರಲಿಲ್ಲ. ಹಾಗಾಗಿ ಮೂರನೇ ಮಹಡಿಯ ಬಜರ್ ಮೊದಲು ಕೇಳಿಸಿತು. ಎತ್ತಿದೆ.

"ಮೂರನೇ ಮಹಡಿ," ಎಂದಳು ನರ್ಸು. "ಕಿಟಕಿ ಬೆಡ್." ಅಲ್ಲಿಗೆ ನಿಲ್ಲಿಸಿದಳು. ಅವಳಿಗೂ ಗೊತ್ತಿತ್ತು ಅದು ಯಾರ ಅಕ್ಕನೆಂದು.

"ಹೇಳಿ," ಅಂದೆ.

"ಹೋಲ್ಡ್," ಅಂದಳು. "ಮಾತಾಡ್ತಾ ಮಾತಾಡ್ತಾನೇ ಹೋಗ್ಬಿಟ್ರು ಕಣೇ. ಡಾಕ್ಟ್ರು ಇಲ್ಲೇ ಇದಾರೆ. ಅವರ ತಂಗಿ ಬಂದ್ರೆ ನೇರ ಮೇಲಕ್ಕೆ ಕಳ್ಸು. ಫೋನ್ ಮಾಡಿದ್ರೆ ಲೈನ್ ಇಲ್ಲಿಗೆ ಕೊಡು."

ಅವರು ನಡೆದುಕೊಂಡೇ ಬರಲಿ, ಫೋನ್ ಮಾಡದಿರಲಿ ಎಂದು ನಾನು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ತಿಳಿಯದು. ಗವಾಕ್ಷಿಯಲ್ಲಿ ಹೋಗುವ ಕಾಲುಗಳನ್ನೇ ನೋಡುತ್ತಾ ಕೂತೆ. ಬೂಟು ಹೋಯಿತು, ಚಪ್ಪಲಿ ಹೋಯಿತು, ಊರುಗೋಲು ಹೋಯಿತು. ಚಿಕ್ಕಮ್ಮನ ಪಾದ ಬರಲಿಲ್ಲ. ಹೊರಗಿನ ಲೈನಿನ ಗಂಟೆ ಹೊಡೆಯಿತು.

"ನಾನು ಕಣೇ," ಎಂದಿತು ಚಿಕ್ಕಮ್ಮನ ದನಿ. ಏದುಸಿರು ಬಿಡುತ್ತಿದ್ದರು. "ಎಲ್ಲ ಸಿಕ್ತು, ಆ ಸಣ್ಣ ಕತ್ತರಿ ಸಿಗ್ತಿಲ್ಲ. ಮನೆಯೆಲ್ಲ ಜಾಲಾಡ್ಬಿಟ್ಟೆ. ಮಹಾರಾಣಿ ಎಲ್ಲಿ ಇಟ್ಟಿದಾಳೋ ಕೇಳ್ಬೇಕು. ಒಸಿ ಮೇಲಕ್ಕೆ ಕೊಡು."

ನನ್ನ ಬೆರಳು ತಾನಾಗಿ ಕೀ ಮೇಲೆ ಹೋಗಿತ್ತು. ಒತ್ತಿದರೆ ಸಾಕು, ಮುಂದಿನದು ಡಾಕ್ಟರ ಪಾಡು. ಆ ಕಡೆ ಚಿಕ್ಕಮ್ಮ ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿದ ಸದ್ದು ಬಂತು. "ಈ ಡಬ್ಬೀಲೂ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಕೆಳಗೆ ಸೈಕಲ್ ಅಂಗಡಿಯವನು ಏನೋ ಬಡಿಯುತ್ತಿದ್ದ.

ಬೆರಳನ್ನು ಕೀಯಿಂದ ತೆಗೆದು ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡೆ.

"ಚಿಕ್ಕಮ್ಮಾ," ಅಂದೆ. "ದೊಡ್ಡಮ್ಮ ಹೋಗ್ಬಿಟ್ರು."

ಹೇಳಿದ್ದಾಯಿತು. ಅಷ್ಟೇ ಮಾತು. ಅದಕ್ಕೊಂದು ಒಳ್ಳೆಯ ರೀತಿ ಇರುತ್ತದೆ ಎಂದು ನಾನು ತಿಳಿದಿದ್ದೆ, ಇರಲಿಲ್ಲ.

ಆ ಕಡೆ ಡಬ್ಬಿಯ ಸದ್ದು ನಿಂತಿತು. ಸೈಕಲ್ ಅಂಗಡಿಯವನ ಸುತ್ತಿಗೆ ಮಾತ್ರ ಹೊಡೆಯುತ್ತಲೇ ಇತ್ತು. ಅಳುತ್ತಾರೆ ಎಂದು ಕಾದೆ. ಬೀಳುತ್ತಾರೆ ಎಂದು ಹೆದರಿದೆ. ಕರೆದೆ. ಮತ್ತೆ ಕರೆದೆ.

"ಹೋಲ್ಡ್ ಮಾಡು," ಅಂದರು.

"ಏನು ಚಿಕ್ಕಮ್ಮ?"

"ನನ್ನನ್ನ ಹೋಲ್ಡ್ ಮಾಡೇ." ದನಿ ತೀರಾ ಸಣ್ಣದಾಗಿತ್ತು, ಮೇಷ್ಟ್ರ ಹತ್ತಿರ ಏನೋ ಕೇಳುವ ಮಗುವಿನ ಹಾಗೆ. "ಒಂಚೂರು ಹೊತ್ತು. ಮಾಡೇ."

ನನಗೆ ಅಳು ಒತ್ತರಿಸಿ ಬಂತು, ಕೋಪವೂ ಬಂತು. ಯಾವುದು ಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರೋ ಅದನ್ನೇ ಕೇಳುತ್ತಿದ್ದಾರೆ! ಆದರೂ ಒತ್ತಿದೆ. ಆ ಹಾಳು ಟ್ಯೂನು ಅವರ ಕಿವಿಗೆ ಹೋಯಿತು. ಅಷ್ಟು ವರ್ಷ ಅದನ್ನು ಊರಿಗೆಲ್ಲ ಕೇಳಿಸಿದವರು ಆ ಕಡೆ ನಿಂತು ಕೇಳಿದ್ದು ಆವತ್ತೇ ಇರಬೇಕು. ನಾನು ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ.

ಮೇಜಿನ ಖಾನೆ ಎಳೆದ ಸದ್ದು. ಗುಂಡಿಗಳು ಗಲಗಲ ಎಂದವು. ಬಟ್ಟೆ ಸರಿಸಿದ ಸದ್ದು.

"ಎಲ್ಲಿಟ್ಟಿದೀಯೇ ಮಾರಾಯ್ತಿ," ಎಂದು ಚಿಕ್ಕಮ್ಮ ಹೇಳಿದರು. ಎಂದಿನ ದನಿ, ಜಗಳದ ದನಿ. "ಇಟ್ಟ ಜಾಗ ಒಂದು ಸಲ ಸರಿಯಾಗಿ ಹೇಳಿದ್ರೆ ನಿನ್ನ ಗಂಟೇನು ಹೋಗತ್ತೆ? ನಾನೇನು ಜ್ಯೋತಿಷ್ಯ ಕಲ್ತಿದೀನಾ?"

ನನ್ನ ಬೋರ್ಡಿನಲ್ಲಿ ಬೇರೆ ಗಂಟೆಗಳು ಹೊಡೆಯತೊಡಗಿದವು. ಎಕ್ಸ್‌ರೇಯವರೋ, ಲಾಂಡ್ರಿಯವರೋ. ಹೊಡೆದುಕೊಳ್ಳಲಿ ಎಂದು ಬಿಟ್ಟೆ.

"ಹಾ, ಸಿಕ್ತು ಕಣೇ!" ಎಂದರು ಆಮೇಲೆ. "ಮೆಷಿನ್ ಮೇಲೇ ಇದೆ. ಅರ್ಧ ಹೊಲ್ದಿರೋ ಅಂಗಿ ಕೆಳಗೆ. ನೀನು ಹೇಳಿದ ಹಾಗೇ ಇದೆಯಲ್ಲ, ನಾನು ಕುರುಡಿನೇ ಬಿಡು. ಬಂದೆ, ಬಂದೆ. ಬೈಬೇಡ, ಬರ್ತಾ ಇದೀನಿ."

ಆಮೇಲೆ ಉಸಿರು ಮಾತ್ರ ಬರುತ್ತಿತ್ತು, ಹೋಗುತ್ತಿತ್ತು. ಟ್ಯೂನು ಕೊನೆಯ ತನಕ ಬಂದು ಮತ್ತೆ ಮೊದಲಿಗೆ ಹೋಗಿರಬೇಕು, ಎಷ್ಟು ಸಲವೋ. ಹೋಲ್ಡಿನಲ್ಲಿರುವವರು ತಾವಾಗಿ ಅದರಿಂದ ಈಚೆಗೆ ಬರಲಾರರು, ಇಟ್ಟವರೇ ತೆಗೆಯಬೇಕು. ಯಾವಾಗ ತೆಗೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇವರನ್ನು ಹೀಗೇ ಬಿಟ್ಟರೆ, ಈ ಬೆಳಗು ಹೀಗೇ ಇರುತ್ತದಲ್ಲ ಎಂದು ಅನ್ನಿಸಿಬಿಟ್ಟಿತು. ದೊಡ್ಡಮ್ಮ ಮೇಲೆ ಕತ್ತರಿಗಾಗಿ ಕಾಯುತ್ತಾರೆ, ತಂಗಿ ತರುತ್ತಾಳೆ, ಪಕ್ಕದ ಬೆಡ್ಡಿನವಳ ಗೌನೂ ನೆಟ್ಟಗಾಗುತ್ತದೆ. ಆ ಯೋಚನೆಗೆ ನನಗೇ ಭಯವಾಯಿತು. ಕೀ ಎತ್ತಿದೆ.

"ಚಿಕ್ಕಮ್ಮಾ, ಲೈನಲ್ಲಿದೀರಾ?"

"ಇದೀನಮ್ಮ," ಅಂದರು. ಅಮ್ಮ ಎಂದು ಅವರು ನನ್ನನ್ನು ಯಾವತ್ತೂ ಕರೆದವರಲ್ಲ. ನಮಗೆ ಫೋನ್ ಮಾಡುವ ಹೊರಗಿನವರು ಹಾಗೆ ಕರೆಯುತ್ತಾರೆ. "ಮೂರನೇ ಮಹಡಿಗೆ ಕೊಡ್ತೀರಾ? ಕಿಟಕಿ ಪಕ್ಕದ ಬೆಡ್ಡು."

ಕೊಟ್ಟೆ. ಮೇಲೆ ಡಾಕ್ಟರು ಎತ್ತಿ ಹಲೋ ಎಂದರು, ಯಾರು ಎಂದು ತಿಳಿದು ಒಂದು ಕ್ಷಣ ತಡವರಿಸಿದರು. ನಾನು ಲೈನಿನಿಂದ ಹೊರಗೆ ಬರಬೇಕಿತ್ತು. ಬರುವಷ್ಟರಲ್ಲಿ ಚಿಕ್ಕಮ್ಮ, ಏನೂ ಗೊತ್ತಿಲ್ಲದವರ ಹಾಗೆ, ಕೇಳಿದರು:

"ನಮ್ಮಕ್ಕ ಹೇಗಿದಾಳೆ ಡಾಕ್ಟ್ರೇ?"